ಓ ಅಂದರೆ

ಹೊರಗೆ ಮೈನಸ್ ಇಪ್ಪತ್ತೆಂಟು.
ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ
ಗುಡ್ಡದ ಗುಡಾರಗಳಿಂದ ಇಳಿದು ಬಂದು
ಶಾಲೆಯ ಗಾಜಿಗೆ ಮೂಗು ಒತ್ತಿ ನಿಂತಿದೆ.
ಒಳಗೆ ಹೀಟರಿನ ಒಣಬಿಸಿ, ತುಟಿಯೊಡೆದ ಹದಿನಾಲ್ಕು ಮಕ್ಕಳು
ಚಾಪೆಯ ಮೇಲೆ ಅರ್ಧಚಂದ್ರ.
ಬೊಂಜೂರ್, ಅನ್ನುತ್ತೇನೆ.
ಬೊಂಜೂರ್ ಮದಾಮ್, ಅನ್ನುತ್ತಾರೆ ಎಲ್ಲರೂ,
ಎರಾಸಿಲ್ ಮಾತ್ರ ಒಂದು ಉಸಿರು ತಡವಾಗಿ,
ಹೊರಟ ಬಸ್ಸಿಗೆ ಓಡಿ ಬಂದು ಹತ್ತಿದವನ ಹಾಗೆ.

ಇವತ್ತು ಬಟ್ಟೆಬರೆಯ ಪಾಠ.
ಕೈಗವಸು ಗಂಡು. ಬೂಟು ಹೆಣ್ಣು.
ಟೋಪಿ ಗಂಡು, ಸ್ಕಾರ್ಫು ಹೆಣ್ಣು.
ಯಾಕೆ? ಎದ್ದೇಬಿಟ್ಟಳು ಫ್ರೌಕೆ, ಸೊಂಟಕ್ಕೆ ಕೈಯಿಟ್ಟು:
ನಮ್ಮಲ್ಲಿ ಬೂಟೂ ಗಂಡೇ!
ರಾಯಭಾರ ಕಚೇರಿಯ ಮಗು,
ವಾದ ಅವಳಿಗೆ ಮನೆಯೂಟ.
ನನ್ನಜ್ಜಿಯ ಮಾತಿನಲ್ಲಿ ಮಡಕೆ ಬರೀ ಮಡಕೆ,
ಅದಕ್ಕೆ ಲಂಗವೂ ಇಲ್ಲ, ಮೀಸೆಯೂ ಇಲ್ಲ.
ಗೊತ್ತಿಲ್ಲ ಕಣೇ, ಅಂದೆ,
ನನಗೂ ಯಾರೋ ಹೀಗೇ ಹೇಳಿದರು.
ಅಷ್ಟರಲ್ಲಿ ಎರಾಸಿಲ್
ಒಂದು ಕೈಗವಸು ಒಂದು ಬೂಟು ಪಕ್ಕಪಕ್ಕ ಕೂರಿಸಿ
ಮದುವೆ ಮುಗಿಸಿದ್ದ. ವಧುವಿನ ಹಿಮ್ಮಡಿಯಿಂದ
ಕರಗಿದ ಹಿಮ ಚಾಪೆಗೆ ಹರಿಯುತ್ತಿತ್ತು.

ಆಮೇಲೆ ಆ ಹಾಳು ರಕಾರ.
ನಾಲಿಗೆಗೆ ರಜೆ ಕೊಡಿ ಮಕ್ಕಳೇ, ಗಂಟಲಿಂದ ತನ್ನಿ.
ಒಂದೊಂದು ಗುಟುಕು ನೀರು, ತಲೆ ಹಿಂದಕ್ಕೆ,
ಗಳಗಳಗಳಗಳ.
ಯುನ್‌ಸೊಲ್ ನುಂಗಿಯೇಬಿಟ್ಟಳು.
ನೀರನ್ನೋ ಅಕ್ಷರವನ್ನೋ, ಸಂಜೆಗೆ ಗೊತ್ತಾದೀತು.

ಅಂಚಿನಲ್ಲಿ ನೊಮುಂದಾರಿ.
ಸೆಪ್ಟೆಂಬರಿನಿಂದ ಈ ಕೋಣೆಯಲ್ಲಿ ಬಾಯಿ ತೆರೆದವಳಲ್ಲ;
ಹಾಜರಿಗೂ ಬರೀ ಬೆರಳೆತ್ತುತ್ತಾಳೆ.
ಲೋಟ ಅವಳವರೆಗೆ ಬರುವಷ್ಟರಲ್ಲಿ ಖಾಲಿ.
ತಳ ನೋಡಿದಳು. ನನ್ನ ನೋಡಿದಳು.
ಉಸ್, ಅಂದಳು.

ಮಂಗೋಲರಲ್ಲಿ ಉಸ್ ಅಂದರೆ ನೀರು.
ದೂರ ನಡೆದು ಬಂದವರು
ಕಟ್ಟೆಯ ಮೇಲೆ ಕೂತಾಗ ಹೊರಡುವ ಸದ್ದು.

ಗೋಡೆಯ ಮೇಲೆ ಬಣ್ಣದ ಅಕ್ಷರದಲ್ಲಿ ನಿಯಮ:
ಇಲ್ಲಿ ಫ್ರೆಂಚ್ ಮಾತ್ರ.
ಡ್ರಾದಲ್ಲಿ ಸಂಯೋಜಕರು ಕೊಟ್ಟ ಕೆಂಪು ಬಿಲ್ಲೆ, ರೇಷ್ಮೆ ದಾರ.
ಬೇರೆ ಮಾತಾಡಿದವರ ಕೊರಳಿಗೆ,
ಮುಂದಿನ ತಪ್ಪಿತಸ್ಥರು ಸಿಗುವ ತನಕ.
ಬರೀ ಆಟ, ಅಂದಿದ್ದರು. ಮಕ್ಕಳು ಕುಣಿದಾಡುತ್ತವೆ ನೋಡಿ.

ಪೋರ್ತೊ-ನೋವೊದಲ್ಲಿ ಅದು ಬಸವನಹುಳುವಿನ ಚಿಪ್ಪು.
ಸಿಗ್ನಲ್ ಅಂತ ಕರೆಯುತ್ತಿದ್ದರು.
ಮೂರನೇ ತರಗತಿ, ಮಧ್ಯಾಹ್ನ, ಬಾಯಾರಿತ್ತು,
ಓಸಿನ್ ಅಂದುಬಿಟ್ಟೆ. ನಮ್ಮ ಗುನ್ ಭಾಷೆಯ ನೀರು.
ಅರ್ಧಕ್ಕೇ ನಿಲ್ಲಿಸಿದ್ದರೆ ಬಚಾವು:
ಓ ಅಂದರೆ ಫ್ರೆಂಚಿನಲ್ಲೂ ನೀರೇ.
ಇನ್ನರ್ಧಕ್ಕೆ ಶಿಕ್ಷೆ.
ಎರಡು ದಿನ ಎದೆಯ ಮೇಲೆ ಕೆಸರುವಾಸನೆಯ ಚಿಪ್ಪು.
ಮೂರನೆಯ ದಿನ ಪಕ್ಕದ ಮಾಹುಟಿನ್‌ಳ ತೊಡೆ ಚಿವುಟಿದೆ,
ಉಗುರಿಳಿಯುವ ಹಾಗೆ.
ಅವಳು ಅತ್ತದ್ದು ಗುನ್‌ನಲ್ಲಿ.
ಚಿಪ್ಪು ದಾಟಿಸಿದೆ.
ಆ ವರ್ಷ ಫ್ರೆಂಚಿನಲ್ಲಿ ನಾನೇ ಮೊದಲು.

ಜಗ್ಗಿನಿಂದ ನೀರು ಬಗ್ಗಿಸಿದೆ. ಕುಡಿದಳು,
ಗಟಗಟ, ಕಣ್ಣು ನನ್ನ ಮೇಲೇ ಇಟ್ಟು,
ತೋಳಿಗೆ ಬಾಯಿ ಒರೆಸಿಕೊಂಡಳು.
ನನಗೂ ಸು! ಎರಾಸಿಲ್ ಕೂಗಿದ, ಅವನದು ಕಜಾಕ್ ಬಾಯಾರಿಕೆ.
ಮುಲ್, ಅಂದಳು ಯುನ್‌ಸೊಲ್, ಈಗಷ್ಟೇ ಕುಡಿದವಳು.
ಬಾಗಿಲ ಗಾಜಿನಾಚೆ ಯಾರದೋ ತಲೆ
ಒಂದು ಕ್ಷಣ ನಿಂತು, ಏನೋ ಬರೆದುಕೊಂಡು, ಹೋಯಿತು.

ನಿಮ್ಮಲ್ಲಿ ಏನಂತಾರೆ, ಮದಾಮ್?
ಫ್ರೌಕೆಯಲ್ಲದೆ ಇನ್ಯಾರು.

ನಲವತ್ತು ವರ್ಷ.
ಅಜ್ಜಿ ಸತ್ತ ಮೇಲೆ ಆ ಪದವನ್ನು
ಯಾರ ಹತ್ತಿರವೂ ಕೇಳಿ ಕುಡಿದಿಲ್ಲ.
ಬಾಯಿ ತೆರೆದೆ. ಅದು ಬಂದು ಕೂತಿದೆ ಗಂಟಲ ತಳದಲ್ಲಿ,
ಇಷ್ಟು ಹೊತ್ತು ಇವರಿಗೆ ನಾನು ತೋರಿಸುತ್ತಿದ್ದ
ಅದೇ ಜಾಗದಲ್ಲಿ.
ಓ, ಅಂದೆ.

ಅದು ಗೊತ್ತು ಮದಾಮ್, ಅದು ಫ್ರೆಂಚು!

ತಡಿ, ಅಂದೆ, ಇನ್ನೂ ಮುಗಿದಿಲ್ಲ.